ಏನೂ ಇಲ್ಲದ ಕುಣಿತ

ಬೆಳಿಗ್ಗೆಯಿಂದ ಲಿಯೋನಾ ಬ್ರಾಂಕ್‌ಗೆ ತನ್ನ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬಲಗೈಗೆ ಕೆಲಸವಿತ್ತು, ಅದು ಸೀಟಿ ಹಿಡಿಯಿತು, ಬಾಗಿಲು ತೆಗೆಯಿತು, ಕಾಫಿಯ ಲೋಟವನ್ನು ಎತ್ತಿ ಇಳಿಸಿತು. ಎಡಗೈ ಮಾತ್ರ ಯಾರದೋ ಮನೆಯಿಂದ ಎರವಲು ತಂದು ಹಿಂದಿರುಗಿಸಲು ಮರೆತ ಸಾಮಾನಿನಂತೆ ಪಕ್ಕದಲ್ಲಿ ತೂಗುತ್ತಿತ್ತು. ಜೇಬಿಗೆ ಹಾಕಿದಳು. ತೆಗೆದಳು. ಅವಳು ವ್ಯಾಯಾಮ ಕಲಿಸುವ ಶಾಲೆಯ ಒಳಾಂಗಣದಲ್ಲಿ ಒಂಬತ್ತನೇ ತರಗತಿಯ ಹುಡುಗರು ಚೆಂಡನ್ನು ಗೋಡೆಗೆ ಬಡಿಯುತ್ತಿದ್ದರು. ಆ ಸದ್ದು ಎಂದಿನದೇ. ಕಿಟಕಿಯಿಂದ ಬರುತ್ತಿದ್ದ ಕಾಗದದ ಗಿರಣಿಯ ಹುಳಿ ವಾಸನೆಯೂ ಎಂದಿನದೇ. ಆದರೆ ಬುಧವಾರ ಫಾದರ್ ಜಾರೆಡ್ ಅವಳನ್ನು ಕಚೇರಿಗೆ ಕರೆಸಿ ಮಾತಾಡಿದಾಗಿನಿಂದ ಎಲ್ಲ ಎಂದಿನದರ ಮೇಲೂ ಯಾರೋ ಬೆರಳಿಟ್ಟು ಇದೇನು, ಇದೇನು ಎಂದು ಕೇಳುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಪ್ರತಿ ಶುಕ್ರವಾರ ಸಂಜೆ ಇಗರ್ಜಿಯ ಸಭಾಂಗಣದಲ್ಲಿ ಪೋಲ್ಕಾ ಕುಣಿತ ಶುರುವಾದರೆ ಅವಳ ಅತ್ತಿಗೆ ಮಾರ್ಸೆಲ್ಲಾಳ ಬಲ ಅಂಗೈ ಬಂದು ಕೂರುವುದು ಈ ಎಡಗೈಯಲ್ಲೇ. ಇಂದು ಶುಕ್ರವಾರ.

ಫಾದರ್ ಜಾರೆಡ್ ಕೆಟ್ಟವನಲ್ಲ. ಅದೇ ಕಷ್ಟ. ಮಿಲ್ವಾಕಿ ನಗರದಿಂದ ಬಂದವನು, ಅವಳ ಸೋದರಳಿಯನಷ್ಟು ವಯಸ್ಸು. ಶಾಲೆಯ ಆಡಳಿತವೂ ಇಗರ್ಜಿಯೂ ಅವನ ಹೆಗಲ ಮೇಲೆಯೇ. ಕುರ್ಚಿಯನ್ನು ತಾನೇ ಎಳೆದುಕೊಟ್ಟಿದ್ದ. "ಲಿಯೋನಾ, ನಾನೇನು ರಾಕ್ಷಸ ಅಲ್ಲ" ಎಂದಿದ್ದ. "ಯಾರೂ ಹಂಗಂದಿಲ್ಲ ಫಾದರ್." "ಅಂತಾರೆ. ಶನಿವಾರದ ಹೊತ್ತಿಗೆ ಅಂತಾರೆ. ನೋಡಿ, ಆ ಇಬ್ಬರು ಹುಡುಗೀರು, ಬ್ರಿನ್, ಡೆಲಾ, ಪ್ರಾಮ್‌ಗೆ ಬರಲಿ, ಬೇಡ ಅಂದೋರ್ಯಾರು? ಗೆಳತೀರ ಗುಂಪಿನ ಜೊತೆ ಬರಲಿ. ಕುಣೀಬೇಕಾ, ಕುಣೀಲಿ. ಈ ಊರಲ್ಲಿ ಹೆಂಗಸರು ಹೆಂಗಸರು ಹಿಡ್ಕೊಂಡು ಕುಣಿಯೋದು ನಾನು ಮೊದಲ ವಾರವೇ ನೋಡಿದೀನಿ, ನಿಮ್ಮನ್ನೇ ನೋಡಿದೀನಿ. ಆದ್ರೆ ಜೋಡಿ ಅಂತ ಬೇಡ. ಜೋಡಿ ನಡಿಗೇಲಿ ಒಟ್ಟಿಗೆ ಬೇಡ. ಬಿಷಪ್ಪರ ಕಚೇರಿಗೆ ನಾನೇನು ಉತ್ತರ ಕೊಡ್ಲಿ? ನೀವು ಹೇಳಿದ್ರೆ ಕೇಳ್ತಾರೆ. ನಿಮ್ಮ ಮೇಲೆ ಪ್ರೀತಿ ಇದೆ ಅವರಿಗೆ." ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು; ಒಪ್ಪಿಗೆಗೂ ಹಾಗೆಯೇ, ಎದ್ದುಹೋಗಲು ಬೇಕಾದ ಅಪ್ಪಣೆಗೂ ಹಾಗೆಯೇ. ಬಾಗಿಲ ಬಳಿ ಬಂದಾಗಷ್ಟೇ ಅವನ ಮಾತು ಒಳಗಿಳಿದದ್ದು. ನಿಮ್ಮನ್ನೇ ನೋಡಿದೀನಿ. ಏನನ್ನು ನೋಡಿದ?

ಜೋಡಿ ನಡಿಗೆ ಅವಳದ್ದು. ಪ್ರಾಮ್ ಎಂಬ ವರ್ಷದ ಕೊನೆಯ ಶಾಲಾ ಕುಣಿತಕ್ಕೆ ಮೊದಲು, ಊರೆಲ್ಲ ಬಂದು ವ್ಯಾಯಾಮದ ಒಳಾಂಗಣದ ಮೆಟ್ಟಿಲುಸಾಲಿನಲ್ಲಿ ಕೂತಿರುವಾಗ, ಹನ್ನೆರಡನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ತೋಳು ಸೇರಿಸಿಕೊಂಡು ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಆಲೂಗಡ್ಡೆ ಹೊಲದ ಮಣ್ಣು ಉಗುರಿನಲ್ಲೇ ಇರುವ ಅಪ್ಪಂದಿರು ಎದ್ದು ನಿಂತು ಫೋಟೋ ತೆಗೆಯುತ್ತಾರೆ. ಯಾವ ಮೊಮ್ಮಗಳು ಎಂದೂ ಗುರುತು ಸಿಗದ ಮುದುಕಿಯರು ಅಳುತ್ತಾರೆ. ಸಾಲು ನಿಲ್ಲಿಸುವುದು, ಯಾರ ಹಿಂದೆ ಯಾರು ಎಂದು ತೀರ್ಮಾನಿಸುವುದು, ಸೀಟಿ ಊದಿ ಒಂದೊಂದೇ ಜೋಡಿಯನ್ನು ಬೆಳಕಿಗೆ ಬಿಡುವುದು ಲಿಯೋನಾ. ಅದಕ್ಕೂ ಮೊದಲು ಪ್ರತಿ ವರ್ಷ ಏಪ್ರಿಲ್ ತಿಂಗಳಿಡೀ ಎಲ್ಲ ತರಗತಿಗಳಿಗೂ ವಾಲ್ಟ್ಸ್ ಮತ್ತು ಪೋಲ್ಕಾ ಕಲಿಸುವುದೂ ಅವಳೇ. ಕಲಿಸುವಾಗ ಅವಳದೊಂದು ಕ್ರಮವಿತ್ತು. ಎತ್ತರದ ಪ್ರಕಾರ ಗೋಡೆಗೆ ಒರಗಿಸಿ ನಿಲ್ಲಿಸುವುದು, ಒಂದೇ ಎತ್ತರದವರನ್ನು ಜೋಡಿ ಮಾಡುವುದು. ಹುಡುಗರು ಯಾವಾಗಲೂ ಕಡಿಮೆ, ಇದ್ದವರೂ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಿತುಕೊಳ್ಳುವವರು. ಉಳಿದ ಹುಡುಗಿಯರು ಹುಡುಗಿಯರನ್ನೇ ಹಿಡಿಯಬೇಕು. ಅವಳ ಅಮ್ಮನ ಕಾಲದಲ್ಲೂ ಹಾಗೆಯೇ ಇತ್ತು, ಗಂಡಸರು ಯುದ್ಧಕ್ಕೆ ಹೋದಾಗ, ಗಿರಣಿಯ ರಾತ್ರಿ ಪಾಳಿಗೆ ಹೋದಾಗ, ಸತ್ತಾಗ. "ವಾಂಟಾ, ಒಮೆರ್ನಿಕ್, ನೀವಿಬ್ರೂ ಕರೆಂಟ್ ಕಂಬಗಳು. ಹಿಡ್ಕೊಳ್ಳಿ. ಮೊಣಕೈ ಮೇಲೆ!" ಎಂದು ಒಂದು ವಸಂತದಲ್ಲಿ ಅವಳು ಕೂಗಿದ್ದಳು. ಆ ಮಕ್ಕಳು ಆಗ ಒಂಬತ್ತನೆಯಲ್ಲಿದ್ದರು. ಮುಂದಿನ ವರ್ಷವೂ ಅವರಿಬ್ಬರೂ ಒಂದೇ ಎತ್ತರ, ಅದರ ಮುಂದಿನ ವರ್ಷವೂ. ಒಬ್ಬಳು ಬೆಳೆದರೆ ಇನ್ನೊಬ್ಬಳು ಹಟಕ್ಕೆ ಬಿದ್ದವಳಂತೆ ಬೆಳೆಯುತ್ತಿದ್ದಳು.

ಅವರು ಕಚೇರಿಗೆ ಹೋಗಿ ಕೇಳದಿದ್ದರೆ ಆಗುತ್ತಿತ್ತು. ಚೆಂಡುಗಳ ಕೋಣೆಯಲ್ಲಿ ಬ್ರಿನ್ ವಾಂಟಾಳಿಗಾಗಿ ಕಾಯುತ್ತ ಲಿಯೋನಾ ಯೋಚಿಸಿದಳು. ಸುಮ್ಮನೆ ಬಂದಿದ್ದರೆ, ಯಾರಾದರೂ ಇಬ್ಬರು ಹುಡುಗರ ತೋಳು ಹಿಡಿದು ನಡೆದುಬಿಟ್ಟಿದ್ದರೆ, ಆಮೇಲೆ ಸಂಜೆಯಿಡೀ ತಮ್ಮ ಪಾಡಿಗೆ ಕುಣಿದುಕೊಂಡಿದ್ದರೆ ಯಾರ ಕಣ್ಣೂ ಅವರ ಮೇಲೆ ನಿಲ್ಲುತ್ತಿರಲಿಲ್ಲ. ಈ ಊರಿನಲ್ಲಿ ಎಷ್ಟೋ ಸಂಗತಿಗಳು ಹಾಗೆ ಕೇಳದೆಯೇ ಬದುಕಿಕೊಂಡಿದ್ದವು. ಆದರೆ ಆ ಇಬ್ಬರೂ ಮೇಜಿನ ಮುಂದೆ ನಿಂತು, ನಮಗೆ ಜೋಡಿ ಟಿಕೆಟ್ ಕೊಡಿ, ನಾವು ಜೋಡಿ ಎಂದಿದ್ದರು. ಕೇಳಿದ ಮೇಲೆ ಫಾದರ್ ಉತ್ತರ ಹೇಳಲೇಬೇಕಾಯಿತು. ಅವನ ಮೇಲೆ ಬರದ ಸಿಟ್ಟು ಆ ಮಕ್ಕಳ ಮೇಲೆ ಬರುತ್ತಿರುವುದು ಅವಳಿಗೇ ಗೊತ್ತಾಯಿತು. ಗೊತ್ತಾದರೂ ಕಡಿಮೆಯಾಗಲಿಲ್ಲ.

ಬ್ರಿನ್ ಬಂದಳು. ಬಾಗಿಲ ಸಂದಿಯಲ್ಲಿ ಇನ್ನೊಂದು ಜೊತೆ ಬಿಳಿ ಬೂಟುಗಳು ನಿಂತೇ ಇದ್ದವು. ಡೆಲಾ ಒಮೆರ್ನಿಕ್ ಹೊರಗೆ ಕಾಯುತ್ತಿದ್ದಳು.

"ಕೂತ್ಕೋ ಬ್ರಿನ್."

"ಬೇಡ ಮಿಸ್. ಕೂರಿಸಿ ಹೇಳೋದೆಲ್ಲ ಕೆಟ್ಟ ಸುದ್ದೀನೇ ಅಂತಾಳೆ ನಮ್ಮಮ್ಮ."

ಲಿಯೋನಾ ತಾನು ಹೇಳಬೇಕಾದುದನ್ನು ಹೇಳಿದಳು. ಫಾದರ್‌ನ ಮಾತುಗಳೇ ಅವಳ ಬಾಯಿಂದ ಬಂದವು, ಬಳಸಿದ ಸಾಬೂನಿನಂತೆ ಮೂಲೆಗಳು ಸವೆದು. ಬ್ರಿನ್ ಚೆಂಡಿನ ಬಲೆಯ ಗಂಟೊಂದನ್ನು ಬಿಚ್ಚುತ್ತ, ಮತ್ತೆ ಹಾಕುತ್ತ ಕೇಳಿಸಿಕೊಂಡಳು.

"ಕುಣೀಬಹುದು?"

"ಹೂಂ."

"ನಾನು, ಡೆಲಾ? ಇಬ್ರೂ?"

"ಇಬ್ರೂ. ಬೇರೆ ಹುಡುಗೀರೂ ಕುಣೀತಾರಲ್ಲ."

"ಆದ್ರೆ ಜೋಡಿ ಅಲ್ಲ."

"ಅಲ್ಲ."

"ಅಂದ್ರೆ ಮಿಸ್, ನಮ್ಮಲ್ಲಿ ಏನೂ ಇಲ್ಲ ಅಂದ್ರೆ ಕುಣೀಬಹುದು. ಏನಾದ್ರೂ ಇದ್ರೆ ಕುಣಿಯೋ ಹಂಗಿಲ್ಲ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ಲೆಕ್ಕ ಸರಿಯಾಯಿತೇ ಎಂದು ಕೇಳುವವಳ ಹಾಗಿತ್ತು.

"ಯಾಕೆ ಕೇಳೋಕ್ ಹೋದ್ರೇ ನೀವು?" ಲಿಯೋನಾಳ ಮಾತು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಸುಮ್ನೆ ಬಂದಿದ್ರೆ ಏನಾಗ್ತಿತ್ತು? ಯಾರು ಕೇಳ್ತಿದ್ರು ನಿಮ್ಮನ್ನ?"

"ಯಾರೂ ಕೇಳ್ತಿರ್ಲಿಲ್ಲ." ಬ್ರಿನ್ ಗಂಟನ್ನು ಬಿಟ್ಟಳು. "ಅದಕ್ಕೇ ಹೋಗಿ ಹೇಳಿದ್ವಿ." ಆಮೇಲೆ, ದೊಡ್ಡವರನ್ನು ಸಮಾಧಾನ ಮಾಡುವವಳಂತೆ ನಕ್ಕಳು. "ನಮ್ಮನ್ನ ಜೋಡಿ ಮಾಡಿದ್ದೇ ನೀವು, ಮಿಸ್."

"ಎತ್ತರ ನೋಡಿ ಮಾಡಿದ್ದು ಕಣೇ."

"ಡೆಲಾನೂ ಅದೇ ಹೇಳೋದು. ನಮ್ದು ಬರೀ ಎತ್ತರದ ತಪ್ಪು ಅಂತ." ಹೊರಗೆ ಬಿಳಿ ಬೂಟುಗಳು ಒಮ್ಮೆ ನೆಲಕ್ಕೆ ಉಜ್ಜಿದವು. "ಮಿಸ್, ನಡಿಗೇಲಿ ಒಟ್ಟಿಗೆ ಇಲ್ಲ ಅಂದ್ರೆ ನಾವು ಬರಲ್ಲ. ಒಳಗೆ ಬಂದು ಏನೂ ಇಲ್ಲದೋರ ಹಂಗೆ ಕುಣಿಯೋದು ನಂಗಾಗಲ್ಲ. ಡೆಲಾಗೆ ಆಗತ್ತೇನೋ. ಅವಳು ಚೆನ್ನಾಗಿ ನಾಟಕ ಮಾಡ್ತಾಳೆ."

"ಕೇಳಿಸ್ತು!" ಎಂದಿತು ಬಾಗಿಲು.

ಅವರು ಹೋದ ಮೇಲೆ ಲಿಯೋನಾ ಗಾಳಿ ಕಡಿಮೆಯಾದ ಚೆಂಡೊಂದನ್ನು ಮೊಣಕಾಲುಗಳ ನಡುವೆ ಹಿಡಿದು ಗಾಳಿ ಹೊಡೆಯತೊಡಗಿದಳು. ತನ್ನ ಪ್ರಾಮ್‌ನಲ್ಲಿ ಅವಳು ಗೋಡೆಯ ಪಕ್ಕ ನಿಂತಿದ್ದಳು. ತಟ್ಟೆಯಲ್ಲಿದ್ದ ಬಿಸ್ಕತ್ತುಗಳನ್ನು ಜೋಡಿಸುವ ಕೆಲಸವನ್ನು ತಾನೇ ವಹಿಸಿಕೊಂಡು, ಅದು ಮುಗಿದ ಮೇಲೆ ಮತ್ತೆ ಕೆಡಿಸಿ ಜೋಡಿಸಿದ್ದಳು. ಕನ್ಯಾಸ್ತ್ರೀ ಒಬ್ಬಳು ಬಂದು "ಪಾಪ" ಎಂದು ಗಲ್ಲ ಮುಟ್ಟಿದ್ದಳು. ಆ ಮುಟ್ಟಿದ ಜಾಗ ಎಷ್ಟೋ ದಿನ ಉರಿಯುತ್ತಿತ್ತು. ಕುಣಿಯುವುದನ್ನು ಅವಳಿಗೆ ಕೊಟ್ಟದ್ದು ಅಣ್ಣ ಎಡ್‌ನ ಮದುವೆ. ಎಡ್‌ಗೆ ಕುಣಿಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ಒಂದು ಸುತ್ತು ಹಾಕಿ, ಬೆವರಿ, ಹೆಂಡತಿಯ ಕೈಯನ್ನು ತಂಗಿಯ ಕೈಯಲ್ಲಿಟ್ಟು "ನೀನೇ ಕುಣಿಸೇ ಇವಳನ್ನ, ನನ್ನ ಸೊಂಟ ಉಳೀಲಿ" ಎಂದು ಬಿಯರಿನ ಕಡೆಗೆ ಹೋಗಿದ್ದ. ಮಾರ್ಸೆಲ್ಲಾ ತಲೆ ಹಿಂದಕ್ಕೆ ಹಾಕಿ ನಕ್ಕಿದ್ದಳು. ಅವಳ ಬೆನ್ನು ರೇಷ್ಮೆಯ ಕೆಳಗೆ ಒದ್ದೆಯಾಗಿತ್ತು. ಅಲ್ಲಿಂದ ಪ್ರತಿ ಶುಕ್ರವಾರ, ಪ್ರತಿ ಮದುವೆ, ಇಗರ್ಜಿಯ ಪ್ರತಿ ಜುಲೈ ಜಾತ್ರೆ. ಎಡ್ ಬದುಕಿದ್ದಾಗ ಅವನು ಮೇಜಿನಿಂದ ಕೈ ಬೀಸುತ್ತಿದ್ದ, ಹೋದ ಮೇಲೆ ಆ ಕುರ್ಚಿಯಲ್ಲಿ ಅವರ ಕೋಟುಗಳು ಕೂರುತ್ತಿದ್ದವು. ಅದಕ್ಕೆ ಹೆಸರೇನು ಎಂದು ಲಿಯೋನಾ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗಲೂ ಉತ್ತರ ಗೊತ್ತಿರಲಿಲ್ಲ. ವಾರಪೂರ್ತಿ ಯಾರೂ ಮುಟ್ಟದ ಮೈಯನ್ನು ಶುಕ್ರವಾರ ಒಬ್ಬರು ಹಿಡಿಯುತ್ತಿದ್ದರು, ಅಷ್ಟೆ ಎಂದುಕೊಂಡಳು. ಅಷ್ಟೆ ಎಂದಾಗ ಅದು ಸಣ್ಣದಾಗಲಿಲ್ಲ. ಚೆಂಡು ಮೊಣಕಾಲುಗಳ ನಡುವೆ ಕಲ್ಲಿನಂತೆ ಬಿಗಿದಿತ್ತು. ಅವಳು ಇನ್ನೂ ಗಾಳಿ ಹೊಡೆಯುತ್ತಲೇ ಇದ್ದಳು.

ಸಂಜೆ ಸಭಾಂಗಣದಲ್ಲಿ ಕರಿದ ಮೀನಿನ ಹೊಗೆ ದೀಪಗಳ ಕೆಳಗೆ ನಿಂತಿತ್ತು. ಹೊರಗೆ ಮೇ ತಿಂಗಳ ಬೆಳಕು ಇನ್ನೂ ಹೋಗಿರಲಿಲ್ಲ. ಮಾರ್ಸೆಲ್ಲಾ ಕುರ್ಚಿ ಹಿಡಿದಿಟ್ಟಿದ್ದಳು, ಲಿಯೋನಾಳ ತಟ್ಟೆಯಲ್ಲಿ ರೈ ಬ್ರೆಡ್ಡಿನ ಗಟ್ಟಿ ಅಂಚಿನ ತುಂಡನ್ನೇ ಆರಿಸಿ ಇಟ್ಟಿದ್ದಳು, ಬ್ರಾಂಡಿಗೆ ಚೆರ್ರಿ ಹಾಕಿಸಿದ್ದಳು. "ಏನೇ ಮುಖ? ಯಾರಾದ್ರೂ ಸತ್ರಾ?"

"ಸುಸ್ತು."

"ನಿಂಗ್ಯಾವಾಗ ಸುಸ್ತಿರಲ್ಲ? ಮೀನು ತಿನ್ನು. ಆಮೇಲೆ ಸುಸ್ತು ಇಳಿಸ್ತೀನಿ."

ಅಕಾರ್ಡಿಯನ್ ವಾದ್ಯ ನುಡಿಯತೊಡಗಿದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಎಂದಿನಂತೆ ಹೆಂಗಸರೇ. ವಿಧವೆಯರು, ಅಕ್ಕತಂಗಿಯರು, ಗಂಡ ಕುರ್ಚಿ ಬಿಟ್ಟು ಏಳದವರು. ಮಾರ್ಸೆಲ್ಲಾಳ ಅಂಗೈ ಬಂದು ಲಿಯೋನಾಳ ಎಡಗೈಯಲ್ಲಿ ಕೂತಿತು. ಬೆಚ್ಚಗಿತ್ತು, ನಿಂಬೆಹಣ್ಣಿನ ವಾಸನೆಯಿತ್ತು. ಕಾಲುಗಳು ತಾವಾಗಿ ಹೊರಟವು. ಅವಕ್ಕೆ ಫಾದರ್‌ನ ಮಾತು ತಲುಪಿರಲಿಲ್ಲ. ಆದರೆ ಲಿಯೋನಾ ತಮ್ಮಿಬ್ಬರ ನಡುವಿನ ಅಂತರವನ್ನು ನೋಡಿದಳು. ಈವರೆಗೆ ಅಲ್ಲಿ ಅಂತರವೊಂದಿದೆ ಎಂದೇ ಅವಳು ನೋಡಿರಲಿಲ್ಲ. ಇಷ್ಟು ಸಾಕೇ, ಹೆಚ್ಚಾಯಿತೇ, ಪಕ್ಕದ ಜೋಡಿಯಲ್ಲಿ ಎಷ್ಟಿದೆ? ಹೆಜ್ಜೆ ತಪ್ಪಿತು. ಮಾರ್ಸೆಲ್ಲಾ ಅವಳ ಪಾದ ತುಳಿದು "ಅಯ್ಯೋ ಎಮ್ಮೆ!" ಎಂದು ನಕ್ಕಳು. ಆ ನಗುವನ್ನು ಯಾರು ನೋಡುತ್ತಿದ್ದಾರೆ ಎಂದು ಲಿಯೋನಾ ಕಣ್ಣು ಹಾಯಿಸಿದಳು. ಹಾಯಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಬೀಗ ಹಾಕಿದ ಮನೆಯೊಳಗೆ ಯಾರೋ ಬಂದು ಸಾಮಾನು ಸರಿಸಿ, ಏನನ್ನೂ ಕದಿಯದೆ ಹೋದಂತಿತ್ತು.

ನೋಡುತ್ತಿದ್ದವನು ಫಾದರ್ ಜಾರೆಡ್. ಕಂಬದ ಬಳಿಯ ಮೇಜಿನಲ್ಲಿ ಬ್ರಿನ್‌ಳ ಅಪ್ಪ ರೋಮನ್ ವಾಂಟಾ ಮತ್ತು ಅಮ್ಮ ಜಾಯ್ಸ್ ಜೊತೆ ಕೂತಿದ್ದ. ಅವರ ತಟ್ಟೆಗಳಲ್ಲಿ ಮೀನು ಹಾಗೇ ಇತ್ತು. ಹಾಡು ಮುಗಿದಾಗ ಅವನು ಕೈಯೆತ್ತಿ ಕರೆದ. ಇಬ್ಬರೂ ಹೋದರು, ಮಾರ್ಸೆಲ್ಲಾ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ.

"ನೋಡಿ," ಫಾದರ್ ವಾಂಟಾ ದಂಪತಿಗೆ ಹೇಳಿದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. "ನಾನು ಹೇಳ್ತಿದ್ದದ್ದು ಇದನ್ನೇ. ಈ ಇಬ್ಬರನ್ನ ನೋಡಿ. ಇಷ್ಟು ವರ್ಷದಿಂದ ಕುಣೀತಿದಾರೆ. ಎಷ್ಟು ಚೆಂದ! ಯಾರಾದ್ರೂ ಬೇಡ ಅಂತಾರಾ? ಯಾಕಂದ್ರೆ ಇದರಲ್ಲಿ ಏನೂ ಇಲ್ಲ. ಬ್ರಿನ್ ಕೂಡ ಹೀಗೇ ಬಂದು ಕುಣಿದು ಹೋಗ್ಲಿ ಅಂತಷ್ಟೇ ನಾನು ಕೇಳ್ತಿರೋದು."

"ನಾನೂ ಅದನ್ನೇ ಬಡ್ಕೊಂಡೆ ಫಾದರ್," ಎಂದ ರೋಮನ್. ದೊಡ್ಡ ಮನುಷ್ಯ, ದನಿ ಸಣ್ಣದಾಗಿತ್ತು. "ಒಂದು ಸಂಜೆ ತಾನೇ, ಬಿಟ್ಬಿಡು ಅಂದೆ. ಕೋಣೆ ಬಾಗಿಲು ಹಾಕ್ಕೊಂಡು ಕೂತಿದಾಳೆ. ಊಟಾನೂ ಇಲ್ಲ."

ಜಾಯ್ಸ್ ಲಿಯೋನಾಳ ಮುಖವನ್ನೇ ನೋಡುತ್ತಿದ್ದಳು.

"ಲಿಯೋನಾ, ನೀವೇ ಹೇಳಿ ಇವರಿಗೆ," ಎಂದ ಫಾದರ್. "ಇದರಲ್ಲಿ ಏನಿದೆ?"

ಹೇಳುವುದು ಸುಲಭವಿತ್ತು. ಏನೂ ಇಲ್ಲ. ಎರಡು ಪದ, ಯಾರೂ ಅನುಮಾನಿಸದಂಥವು. ಹೇಳಿದರೆ ರೋಮನ್ ಮನೆಗೆ ಹೋಗಿ ಬಾಗಿಲು ತಟ್ಟುತ್ತಾನೆ, ಮಿಸ್ ಬ್ರಾಂಕ್ ಕೂಡ ಹೀಗೇ ಹೇಳಿದಳು ಎನ್ನುತ್ತಾನೆ. ಬ್ರಿನ್ ಒಂದೋ ಸೋತು ಬರುತ್ತಾಳೆ ಇಲ್ಲವೇ ಬರುವುದೇ ಇಲ್ಲ, ಎರಡೂ ಒಂದೇ. ಅವಳು ಬಾಯಿ ತೆರೆದಳು. ನಿಜಕ್ಕೂ ಅದನ್ನು ಹೇಳಲೆಂದೇ ತೆರೆದಳು. ಆದರೆ ಆ ಪದಗಳು ಬರಬೇಕಾದ ಜಾಗದಲ್ಲಿ ಒಂದು ಆಯಾಸ ಕೂತಿತ್ತು, ಇಂದಿನದಲ್ಲ, ಎಷ್ಟೋ ಕಾಲದಿಂದ ತುಂಬಿಕೊಂಡು ಬಂದದ್ದು. ಅದನ್ನು ದಾಟಿ ಒಂದು ಸುಳ್ಳನ್ನು ಎಳೆದು ತರುವಷ್ಟು ಶಕ್ತಿ ಅವಳಲ್ಲಿರಲಿಲ್ಲ. ಸುಳ್ಳೇ ಅದು? ಅದೂ ಗೊತ್ತಿರಲಿಲ್ಲ.

"ಏನೂ ಇಲ್ಲ ಅಂತ ಹೇಳೋಕೆ ನಂಗಾಗಲ್ಲ ಫಾದರ್," ಎಂದಳು.

"ಅಂದ್ರೆ?"

"ಅಂದ್ರೆ ಏನಿದೆ ಅಂತ ನಂಗೆ ಗೊತ್ತಿಲ್ಲ. ಏನೂ ಇಲ್ದೇ ಇದ್ದಿದ್ರೆ ಇಷ್ಟು ವರ್ಷ ಬರ್ತಿರ್ಲಿಲ್ಲ." ದನಿ ಏರಿಸದೆ, ಹಾಜರಿ ಹೇಳುವವಳಂತೆ ಮುಂದುವರಿಸಿದಳು. "ನಾಳೆ ಸಾಲು ನಾನು ನಿಲ್ಲಿಸ್ತೀನಲ್ಲ, ಅವರಿಬ್ಬರನ್ನ ಒಟ್ಟಿಗೇ ನಿಲ್ಲಿಸ್ತೀನಿ."

ಫಾದರ್‌ನ ಕಿವಿ ಕೆಂಪಾಯಿತು. "ನೀವು ದಣಿದಿದೀರಿ. ನಾಳೆ ಸಾಲನ್ನ ಬೇರೆ ಯಾರಾದ್ರೂ ನೋಡ್ಕೊಳ್ಳಬಹುದು."

"ನೋಡ್ಕೊಳ್ಳಬಹುದು. ಊರೆಲ್ಲ ಕೂತಿರತ್ತೆ. ಎಲ್ಲರ ಮುಂದೆ ನೀವೇ ಬಂದು ನನ್ನ ಕೊರಳಿಂದ ಸೀಟಿ ತೆಗೀಬೇಕಾಗತ್ತೆ."

ಪಕ್ಕದ ಮೇಜುಗಳಲ್ಲಿ ಚಮಚದ ಸದ್ದು ನಿಂತಿತ್ತು. ಎಷ್ಟು ಕೇಳಿಸಿತ್ತೋ, ಕೇಳಿಸದವರಿಗೆ ಎಷ್ಟು ತಲುಪಿತೋ. ಅಕಾರ್ಡಿಯನ್ ಮತ್ತೆ ಶುರುವಾದಾಗ ಹೆಂಗಸರು ಎದ್ದರು, ಒಬ್ಬರನ್ನೊಬ್ಬರು ನೋಡಿದರು. ಒಬ್ಬಳಿಗೆ ನೀರು ಬೇಕೆನಿಸಿತು, ಇನ್ನೊಬ್ಬಳಿಗೆ ಮೊಣಕಾಲು ನೆನಪಾಯಿತು. ಅಕ್ಕತಂಗಿಯರಿಬ್ಬರು ನೆಲದ ನಡುವಿನವರೆಗೆ ಹೋಗಿ, ಹಿಡಿದ ಕೈ ಬಿಟ್ಟು, ಏನೋ ಮರೆತವರಂತೆ ವಾಪಸಾದರು. ಹಾಡು ಖಾಲಿ ನೆಲದ ಮೇಲೆ ಸುತ್ತುತ್ತಿತ್ತು. ಇದನ್ನು ಮಾಡಿದ್ದು ತಾನು, ಎಂದು ಲಿಯೋನಾ ಅಂದುಕೊಂಡಳು. ಫಾದರ್ ಮುಟ್ಟದೆ ಬಿಟ್ಟಿದ್ದನ್ನು ಮುಟ್ಟಿದ್ದು ತಾನು. ಜಾಯ್ಸ್ ವಾಂಟಾ ಎದ್ದು ಕೋಟು ತೋಳಿಗೇರಿಸುತ್ತ, ಗಂಡನ ಕಡೆ ತಿರುಗದೆ, "ಎಷ್ಟು ಹೊತ್ತಿಗೆ ಕರ್ಕೊಂಡ್ ಬರ್ಲಿ ಮಿಸ್?" ಎಂದು ಕೇಳಿದಳು.

"ಆರಕ್ಕೆ. ಹಿಂದಿನ ಬಾಗಿಲಲ್ಲ. ಮುಂದಿಂದ ಬರಲಿ."

ಕಾರಿನಲ್ಲಿ ಮಾರ್ಸೆಲ್ಲಾ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ರಸ್ತೆಯ ಎರಡೂ ಕಡೆ ಈಗಷ್ಟೇ ಸಾಲು ಎಳೆದ ಹೊಲಗಳು, ಇನ್ನೂ ಏನೂ ಮೊಳೆತಿರಲಿಲ್ಲ. ಅವಳ ಮನೆಯ ಮುಂದೆ ಕಾರು ನಿಂತ ಮೇಲೂ ಅವಳು ಇಳಿಯಲಿಲ್ಲ.

"ಏನೂ ಇಲ್ಲ ಅಂದ್ಬಿಡಬಹುದಿತ್ತು ನೀನು," ಎಂದಳು.

"ಹೂಂ."

"ನಂಗೇನು, ನಾನು ಹತ್ತು ಸಲ ಅಂದಿರ್ತಿದ್ದೆ. ಆಣೆ ಮಾಡಿ ಅಂದಿರ್ತಿದ್ದೆ." ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು. "ನಂಗಿದ್ದಿದ್ದು ಅದೊಂದೇ ಕಣೇ ಲಿಯೋನಾ, ಶುಕ್ರವಾರ. ಇನ್ನು ನಿನ್ನ ಕೈ ಹಿಡ್ದು ನಾನ್ ಹೆಂಗೆ ಕುಣೀಲಿ ಹೇಳು? ಎಲ್ರೂ ನೋಡ್ತಾರೆ. ನಾನೂ ನೋಡ್ಕೋತೀನಿ."

ಲಿಯೋನಾ ಸ್ಟಿಯರಿಂಗ್ ಹಿಡಿದೇ ಕೂತಿದ್ದಳು. ಕ್ಷಮಿಸು ಎನ್ನಬೇಕೆನಿಸಿತು; ಅಂದುಬಿಟ್ಟರೆ, ಸುಮ್ಮನೆ ಬರಬೇಕಿತ್ತು ಎಂದು ಬೆಳಿಗ್ಗೆ ಬ್ರಿನ್‌ಗೆ ಹೇಳಿದ್ದೆಲ್ಲ ಮತ್ತೆ ನಿಜವಾಗುತ್ತಿತ್ತು. ಎದುರಿನ ಮನೆಯವರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಒಳಗೆ ಹೋದರು.

"ನಾಳೆ ಬರ್ತೀಯಾ, ನೋಡೋಕೆ?" ಎಂದು ಕೇಳಿದಳು.

"ಇಲ್ಲ." ಮಾರ್ಸೆಲ್ಲಾ ಬಾಗಿಲು ತೆಗೆದು, ಒಂದು ಕಾಲು ಹೊರಗಿಟ್ಟು, ಅಲ್ಲೇ ತಡೆದಳು. "ಆದ್ರೆ ನಿಲ್ಲಿಸು ಅವರನ್ನ. ಅವನು ಬಂದು ಸೀಟಿ ಕಿತ್ಕೊಂಡ್ರೂ ನಿಲ್ಲಿಸು. ಅವರಾದ್ರೂ ಕುಣೀಲಿ."

ಬಾಗಿಲು ಮೊದಲ ಸಲ ಸರಿಯಾಗಿ ಕೂರಲಿಲ್ಲ. ಅವಳು ತಿರುಗಿ ಬಂದು, ಒಳಗೆ ನೋಡದೆ, ಇನ್ನೊಮ್ಮೆ ಮೆಲ್ಲಗೆ ಒತ್ತಿ ಹಾಕಿದಳು.